ಡಿಗ್ರಿ ಬೇಗ ಮುಗಿದರೆ ಮಗಳಿಗೆ ಲಾಭವೇ?

ಹೋದ ಬೇಸಿಗೆಯ ಮಾತು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಗದಗಿನಲ್ಲಿ ಬಿ.ಕಾಂ. ಮೊದಲ ವರ್ಷ ಓದುತ್ತಿದ್ದ ಮಗಳು ಬಂದವಳೇ, "ಯವ್ವಾ, ಮೂರು ವರ್ಷದ ಡಿಗ್ರಿ ಎರಡೂವರಿ ವರ್ಷಕ್ಕ ಮುಗಸಬಹುದಂತ. ನಾನೂ ಹಂಗ ಮಾಡ್ಲೇನು?" ಎಂದಳು. ನನಗೋ ಹಿಗ್ಗು. ಆದರೆ ಪಡಸಾಲೆಯಲ್ಲಿದ್ದ ಅತ್ತೆಯವರು, "ಛಲೋ ಆತು ಬಿಡು. ಓದು ಲಗೂನ ಮುಗದ್ರ ಲಗ್ನಾನೂ ಲಗೂನ" ಎಂದುಬಿಟ್ಟರು. ಮಗಳ ಮುಖ ಬಾಡಿತು. ಹಂಚಿನ ಮೇಲಿನ ರೊಟ್ಟಿ ಸೀದದ್ದೂ ನನಗೆ ತಿಳಿಯಲಿಲ್ಲ.

ನನ್ನ ಓದೂ ಬೇಗನೇ ಮುಗಿದದ್ದು. ಎಸ್.ಎಸ್.ಎಲ್.ಸಿ. ಪಾಸಾದ ಮೇಲೆ "ಇನ್ನು ಸಾಕು" ಎಂದರು. ಪುಸ್ತಕ ಮುಚ್ಚಿದ ಹುಡುಗಿಯನ್ನು ಊರವರು ಖಾಲಿ ಕೂತವಳೆಂದೇ ಎಣಿಸುತ್ತಾರೆ. ಕಾಲೇಜಿಗೆ ಹೋಗುತ್ತಿದ್ದಾಳೆ ಎಂದರೆ ಮಾತ್ರ ವರ ನೋಡುವ ಮಾತು ತುಸು ಹಿಂದೆ ಸರಿಯುತ್ತದೆ. ಅದಕ್ಕೇ ಈ ವಿಷಯವನ್ನು ಸರಿಯಾಗಿ ತಿಳಿಯಬೇಕೆಂದು ಮಗಳ ಜೊತೆ ಕೂತು ಲೆಕ್ಕ ಹಾಕಿದೆ.

ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತ್ತು. 2024-25ರಿಂದ ಮತ್ತೆ ಮೂರು ವರ್ಷಕ್ಕೇ ತಂದರು. ಅದೇ 2024ರ ನವೆಂಬರ್‌ನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಜಾಣ ಮಕ್ಕಳು ಪದವಿಯನ್ನು ಬೇಗ ಮುಗಿಸಬಹುದೆಂಬ ಹೊಸ ಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷದ್ದನ್ನು ಆರರ ಬದಲು ಐದು ಸೆಮಿಸ್ಟರಿನಲ್ಲಿ ಮುಗಿಸಬಹುದು. ಮೊದಲ ಇಲ್ಲವೇ ಎರಡನೆಯ ಸೆಮಿಸ್ಟರ್ ಮುಗಿದಾಗ ಕೇಳಿಕೊಳ್ಳಬೇಕು. ಕಾಲೇಜಿನ ಸಮಿತಿ ಅಂಕ ನೋಡಿ ಆರಿಸುತ್ತದೆ. ನೂರು ಸೀಟಿದ್ದರೆ ಹತ್ತು ಮಂದಿಗಷ್ಟೇ ಅವಕಾಶ. ಪದವಿಯ ಬೆಲೆಯೇನೂ ಕಡಿಮೆಯಾಗದು. ಆದರೆ ಈ ಸವಲತ್ತು ಎಲ್ಲ ಕಡೆ ತಾನಾಗಿ ಸಿಗುವುದಿಲ್ಲ, ಆಯಾ ವಿಶ್ವವಿದ್ಯಾಲಯ ಒಪ್ಪಿರಬೇಕು. ಆದ್ದರಿಂದ ಮೊದಲು ಪ್ರಿನ್ಸಿಪಾಲರನ್ನು ಕೇಳಿರಿ.

ಇನ್ನು ಓದಿನ ಭಾರ. ಯುಜಿಸಿ ಲೆಕ್ಕದಲ್ಲಿ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ಸೆಮಿಸ್ಟರಿಗೆ 20 ಬಿತ್ತು. ಎರಡು ಸೆಮಿಸ್ಟರ್ ಮುಗಿಸಿದವಳಿಗೆ ಉಳಿಯುವುದು 80. ಅದನ್ನು ಮೂರರಲ್ಲಿ ಮುಗಿಸಬೇಕೆಂದರೆ ಒಂದೊಂದಕ್ಕೆ 26-27 ಕ್ರೆಡಿಟ್. ಪಾಠದ ಒಂದು ಕ್ರೆಡಿಟ್ ಎಂದರೆ ವಾರಕ್ಕೊಂದು ತಾಸು. ಅಲ್ಲಿಗೆ ವಾರಕ್ಕೆ ಆರೇಳು ತಾಸು ಹೆಚ್ಚಿಗೆ ಪಾಠ, ಮನೆಯಲ್ಲಿ ಓದುವುದು ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ಟಿನ ಚಿಂತೆಯಿಲ್ಲ, ನಿಜ. ಆದರೆ ಕ್ಲಾಸು ತಡವಾಗಿ ಸಂಜೆಯ ಬಸ್ಸು ತಪ್ಪಿದರೆ ಹಳ್ಳಿಯ ಹುಡುಗಿಯ ಗತಿ ಏನು?

ಇಷ್ಟೆಲ್ಲ ಮಾಡಿ ಉಳಿಯುವುದು ಆರು ತಿಂಗಳು. ಎಂ.ಕಾಂ.ಗೆ ಸಾಮಾನ್ಯವಾಗಿ ವರ್ಷಕ್ಕೊಂದೇ ಸಲ ಪ್ರವೇಶ. ಚಳಿಗಾಲದಲ್ಲಿ ಡಿಗ್ರಿ ಮುಗಿಸಿದವಳು ಮಳೆಗಾಲದ ತನಕ ಮನೆಯಲ್ಲೇ ಕೂಡಬೇಕು. ಐ.ಎ.ಎಸ್. ಪರೀಕ್ಷೆಗಂತೂ 21 ವರ್ಷ ತುಂಬಲೇಬೇಕು. ಮನೆಯಲ್ಲಿ ಕೂತ ಆ ಆರು ತಿಂಗಳಲ್ಲಿ ಬೀಗರು ಬರುತ್ತಾರೆ, ಜಾತಕ ಬರುತ್ತದೆ. ಓದಿನಲ್ಲಿ ಗಳಿಸಿದ್ದನ್ನು ಅಲ್ಲಿ ಕಳೆದುಕೊಂಡಂತಾಗುವುದಿಲ್ಲವೇ?

ಹಾಗೆಂದು ಇದು ಬೇಡವೇ ಬೇಡ ಎನ್ನಲಾರೆ. ಬ್ಯಾಂಕ್ ನೌಕರಿಯ ಐಬಿಪಿಎಸ್ ಪರೀಕ್ಷೆಗೆ ಡಿಗ್ರಿಯ ಜೊತೆ 20 ವರ್ಷ ತುಂಬಿದ್ದರೆ ಸಾಕು. ಅದಕ್ಕೇ ಮನಸ್ಸು ಕೊಟ್ಟು ಓದುವವಳಿಗೆ ಆರು ತಿಂಗಳು ಬಂಗಾರವೇ. ಸೆಮಿಸ್ಟರಿನ ಫೀ ಕಟ್ಟುವುದೇ ಕಷ್ಟವಾದ ಮನೆಗೂ ಅನುಕೂಲ. ಅದೇ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ: ಆರೋಗ್ಯವೋ ಸಂಸಾರವೋ ಅಡ್ಡ ಬಂದವರು ಎರಡು ಸೆಮಿಸ್ಟರ್ ತನಕ ಹೆಚ್ಚು ಅವಧಿ ತೆಗೆದುಕೊಂಡು ನಿಧಾನವಾಗಿಯೂ ಮುಗಿಸಬಹುದು. ಮದುವೆಯಾದ ಮೇಲೆ ಓದು ಬಿಡುವ ನಮ್ಮ ಹುಡುಗಿಯರಿಗೆ ಇದೂ ತಿಳಿದಿರಲಿ.

ಅಂದು ರಾತ್ರಿ ಮಗಳನ್ನು ಕೇಳಿದೆ, "ಲಗೂನ ಮುಗಿಸಿ ಏನ್ ಮಾಡ್ತೀ?" ಅವಳು ತಲೆ ತಗ್ಗಿಸಿದಳು. "ಹ್ವಾದ ವರ್ಷ ಉಳ್ಳಾಗಡ್ಡಿಗೆ ರೇಟ್ ಸಿಗಲಿಲ್ಲ. ಅಪ್ಪಾ ನನ್ ಫೀಗೆ ಸಾಲ ಮಾಡ್ಯಾನ. ಅದಕ್ಕ ಯವ್ವಾ." ನನ್ನ ಗಂಟಲು ಕಟ್ಟಿತು. ಅವಳ ಆಸೆ ಎಂ.ಕಾಂ. ಮಾಡುವುದು. ಹಾಗಾದರೆ ಅವಸರದಿಂದ ಬಂದ ಭಾಗ್ಯವೇನು? ಸ್ವಸಹಾಯ ಸಂಘದಲ್ಲಿ ನಾನು ಉಳಿಸಿದ್ದು ಈ ಸಲದ ಫೀಗೆ ಆಯಿತು. ಅವಳು ಆರು ಸೆಮಿಸ್ಟರನ್ನೂ ಓದುತ್ತಿದ್ದಾಳೆ.

ಅತ್ತೆಯವರಿಗೂ ಲೆಕ್ಕ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರು ತಿಂಗಳಕ್ಕ ಏನ್ ಹೋಗೂದೈತಿ, ಪೂರಾ ಓದಲಿ" ಎಂದರು.

ತಾಯಂದಿರೇ, ನಿಮ್ಮ ಮಗಳೂ "ಬೇಗ ಮುಗಿಸಲೇ?" ಎಂದು ಕೇಳಿದರೆ ಹೂಂ ಎನ್ನುವ ಮೊದಲು ಎರಡು ಮಾತು ಕೇಳಿರಿ: ಯಾಕೆ ಅವಸರ? ಮುಗಿಸಿದ ಮರುದಿನ ಏನು? ಎರಡಕ್ಕೂ ಅವಳ ಬಾಯಿಂದಲೇ ಉತ್ತರ ಬಂದರೆ ಧೈರ್ಯವಾಗಿ ಕಳಿಸಿರಿ.