ಶಾಲೆಯಿಂದ ಬರುವ ಹುಳುವಿನ ಮಾತ್ರೆಯ ಚೀಟಿ



ಸಂಘದಿಂದ ಮನೆಗೆ ಬರುವ ಕಾಗದಗಳನ್ನು ನಮ್ಮಲ್ಲಿ ಯಾರೂ ಬಿಸಾಡುವುದಿಲ್ಲ. ಅಡಿಕೆ ಧಾರಣೆಯ ಪಟ್ಟಿ, ಬೆಳೆಸಾಲದ ವಾಯಿದೆಯ ನೆನಪೋಲೆ, ಮೈಲುತುತ್ತ ಬಂದಿದೆಯೆಂಬ ಸೂಚನೆ, ಎಲ್ಲವೂ ಗೋಡೆಯ ಮೊಳೆಗೆ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಇರುತ್ತವೆ. ಅದೇ ಮನೆಯ ಆರು, ಏಳು, ಎಂಟನೆಯ ತರಗತಿಯ ಮಕ್ಕಳ ಚೀಲದಲ್ಲಿ ಬರುವ ಆರೋಗ್ಯದ ಚೀಟಿಗೆ ಮಾತ್ರ ಈ ಮರ್ಯಾದೆ ಸಿಗುವುದು ಕಡಿಮೆ. ಮಂಗನ ಕಾಯಿಲೆಯ ಸೂಚನೆ ಬಂದರೆ ಊರಿಗೆ ಊರೇ ಓದುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಆ ಜ್ವರ ಎಷ್ಟು ಮನೆಗಳ ದೀಪ ಆರಿಸಿದೆಯೆಂಬುದು ಮಲೆನಾಡಿಗೆ ಗೊತ್ತು. ಆದರೆ "ಇಂತಹ ದಿನ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡಲಾಗುವುದು, ತಪ್ಪದೆ ಕಳುಹಿಸಿಕೊಡಿ" ಎಂಬ ಒಕ್ಕಣೆಯನ್ನು ಓದಿ, ಅದೇನು ದೊಡ್ಡ ವಿಷಯವೆಂದು ಪಕ್ಕಕ್ಕಿಡುತ್ತೇವೆ. ಈಗ ಕೆಲವು ಶಾಲೆಗಳು ಫೋನಿಗೇ ಸಂದೇಶ ಕಳುಹಿಸುತ್ತವೆ. ಅದಕ್ಕೂ ಇದೇ ಗತಿ.

ಈ ಚೀಟಿ ಪೇಟೆಯವರಿಗಿಂತ ತೋಟದವರಾದ ನಮಗೇ ಹೆಚ್ಚು ಸಲ್ಲತಕ್ಕದ್ದು ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಸಬೇಕೆಂದು ಬಯಸುತ್ತೇವೆ.

ಜಂತುಹುಳು ಎಂದಾಗ ನಮ್ಮ ಮನಸ್ಸಿಗೆ ಬರುವುದು ಮಕ್ಕಳ ಹೊಟ್ಟೆನೋವಿಗೆ ಕಾರಣವಾಗುವ ಉದ್ದನೆಯ ಬಿಳಿಯ ಹುಳು. ಅದೂ ಇದೆ. ಆದರೆ ತೋಟದವರಿಗೆ ನಿಜವಾದ ಶತ್ರು ಕೊಕ್ಕೆಹುಳು. ಇದು ಒಂದು ಸೆಂಟಿಮೀಟರಿನಷ್ಟು ಉದ್ದದ, ದಾರದಂತಹ ಪ್ರಾಣಿ. ಸಣ್ಣ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತ ವರ್ಷಗಟ್ಟಲೆ ಬದುಕುತ್ತದೆ, ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಮಲದೊಡನೆ ಹೊರಬೀಳುತ್ತವೆ. ಅವು ಬಿದ್ದ ಜಾಗ ಬಿಸಿಲಿನ ಒಣನೆಲವಾದರೆ ಅಲ್ಲಿಗೇ ಮುಗಿಯಿತು. ತಂಪು, ತೇವ, ನೆರಳು, ಸಡಿಲವಾದ ಮಣ್ಣು, ಮೇಲೊಂದಿಷ್ಟು ತರಗೆಲೆ ಇದ್ದರೆ ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಐದರಿಂದ ಹತ್ತು ದಿನದೊಳಗೆ ಆ ಮರಿ ಮನುಷ್ಯರ ಚರ್ಮವನ್ನು ತೂರುವಷ್ಟು ಬಲಿಯುತ್ತದೆ. ಅನಂತರ ಮೂರು ನಾಲ್ಕು ವಾರ ಅದು ಮಣ್ಣಿನಲ್ಲಿ ಕಾದು ಕೂರಬಲ್ಲದು. ತಂಪು, ನೆರಳು, ತರಗೆಲೆ, ಸಡಿಲ ಮಣ್ಣು: ಅಡಿಕೆಗೂ ಕಾಫಿಗೂ ನಾವು ತಲೆಮಾರುಗಳಿಂದ ಕಷ್ಟಪಟ್ಟು ಒದಗಿಸುತ್ತ ಬಂದಿರುವುದು ಇದನ್ನೇ ಅಲ್ಲವೆ?

ಹುಳು ಬಾಯಿಯಿಂದಲೇ ಒಳಹೋಗುತ್ತದೆಂದು ಹಿಂದೆ ನಂಬಿದ್ದರು. ಪಾದದ ಚರ್ಮದಿಂದಲೂ ಹೋಗುತ್ತದೆಂದು ತಿಳಿದುಬಂದದ್ದು ಒಂದು ಆಕಸ್ಮಿಕದಿಂದ. 1890ರ ದಶಕದ ಕೊನೆಯಲ್ಲಿ ಈಜಿಪ್ಟಿನ ಕೈರೋ ನಗರದಲ್ಲಿ ಆರ್ಥರ್ ಲೂಸ್ ಎಂಬ ವಿಜ್ಞಾನಿ ಮರಿಹುಳುಗಳಿದ್ದ ನೀರನ್ನು ತಪ್ಪಿ ತನ್ನ ಕೈಮೇಲೆ ಚೆಲ್ಲಿಕೊಂಡನು. ಆ ಜಾಗ ಕೆಂಪಗಾಗಿ ತುರಿಸಿತು. ಕೆಲವು ವಾರಗಳ ಮೇಲೆ ನೋಡಿದರೆ ಅವನ ಮಲದಲ್ಲೇ ಕೊಕ್ಕೆಹುಳುವಿನ ಮೊಟ್ಟೆಗಳು! ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಏರಿ, ಉಗುಳಿನೊಡನೆ ನುಂಗಲ್ಪಟ್ಟು ಕರುಳಿಗೆ ಇಳಿಯುವ ಈ ಸುತ್ತುಬಳಸಿನ ಪ್ರಯಾಣ ಹೀಗೆ ಬೆಳಕಿಗೆ ಬಂತು. ಬರಿಗಾಲಿನಲ್ಲಿ ತೋಟಕ್ಕೆ ಹೋಗಿಬಂದ ಮಗು ಬೆರಳಸಂದಿ ಕೆರೆದುಕೊಂಡರೆ ಅದೆಲ್ಲ ಹುಳುವೇ ಎಂದಲ್ಲ. ಮಳೆಗಾಲದ ಕೆಸರಿನಿಂದಲೂ ತುರಿಕೆ ಬರುತ್ತದೆ. ಆದರೆ ಹುಳುವಿಗೂ ಅದೇ ಬಾಗಿಲು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ದೇಶದಲ್ಲಿ ಕಾಣುವ ಕೊಕ್ಕೆಹುಳುಗಳಲ್ಲಿ ಎರಡು ಬಗೆ ಮುಖ್ಯ. ಒಂದು ಬಗೆಯ ಹುಳುವಿನಿಂದ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ನಷ್ಟವಾಗುತ್ತದೆ, ಇನ್ನೊಂದರಿಂದ 0.2ರ ಸುಮಾರು. ಮೊದಲನೆಯ ಬಗೆಯದೇ 100 ಹುಳುಗಳಿವೆಯೆಂದು ಹಿಡಿಯಿರಿ. ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90 ಮಿಲಿಲೀಟರ್. ದಿನದ ಆ 3 ಮಿಲಿಲೀಟರ್ ರಕ್ತದಲ್ಲಿ ಇರುವ ಕಬ್ಬಿಣ ಒಂದು ಮಿಲಿಗ್ರಾಂಗಿಂತ ತುಸು ಹೆಚ್ಚು. ಸ್ವಲ್ಪವನ್ನು ಕರುಳು ಮತ್ತೆ ಹೀರಿಕೊಂಡರೂ ಉಳಿದದ್ದು ನಷ್ಟವೇ. ದಿನವೆಲ್ಲ ತಿಂದ ಅನ್ನಸಾರಿನಿಂದ ಮಗುವಿನ ಮೈ ಹೀರಿಕೊಳ್ಳುವ ಕಬ್ಬಿಣವಾದರೂ ಎಷ್ಟು? ಒಂದೆರಡು ಮಿಲಿಗ್ರಾಂ. ಜಮೆಯಷ್ಟೇ ಖರ್ಚು ಇರುವ ಲೆಕ್ಕದಲ್ಲಿ ಬೆಳವಣಿಗೆಗೆ ಏನು ಉಳಿದೀತು?

ಮಿಡ್ಲ್ ಸ್ಕೂಲಿನ ವಯಸ್ಸಿನಲ್ಲಿ ಈ ಮಾತಿಗೆ ತೂಕ ಹೆಚ್ಚು. ಹನ್ನೊಂದರಿಂದ ಹದಿನಾಲ್ಕರ ನಡುವೆ ಮಕ್ಕಳು ಬಿದಿರಕಳಲೆಯ ಹಾಗೆ ಏರುತ್ತಾರೆ, ಹೆಣ್ಣುಮಕ್ಕಳು ದೊಡ್ಡವರಾಗುತ್ತಾರೆ. ರಜೆಯಲ್ಲಿ ಉದುರಡಿಕೆ ಹೆಕ್ಕಲೂ ಕಾಫಿ ಕುಯ್ಲಿಗೆ ಕೈಗೂಡಿಸಲೂ ಬರುತ್ತಾರೆ. ಹನ್ನೆರಡರಿಂದ ಹದಿನಾಲ್ಕು ವರ್ಷದವರ ರಕ್ತದಲ್ಲಿ 100 ಮಿಲಿಲೀಟರಿಗೆ 12 ಗ್ರಾಂ ಹೀಮೋಗ್ಲೋಬಿನ್ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59ರಷ್ಟು, ಗಂಡುಮಕ್ಕಳಲ್ಲಿ ಶೇಕಡ 31ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಲ್ಲದಕ್ಕೂ ಹುಳುವೊಂದೇ ಕಾರಣವಲ್ಲ, ಊಟವೂ ಕಾರಣ. ಗುಡ್ಡ ಹತ್ತುವಾಗ ಏದುಸಿರು, ಪಾಠದಲ್ಲಿ ತೂಕಡಿಕೆ, ಕಣ್ಣರೆಪ್ಪೆಯ ಒಳಗೆ ಬಿಳಿಚು, ಕದ್ದು ಬಳಪವನ್ನೋ ಅಕ್ಕಿಯನ್ನೋ ಮಣ್ಣನ್ನೋ ತಿನ್ನುವ ಚಪಲ, ಇವು ಕಂಡಲ್ಲಿ ಬೈಯುವುದಕ್ಕೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸುವುದು ಲೇಸು.

ಸೋಮಾರಿಯೆಂಬ ಹಣೆಪಟ್ಟಿಯನ್ನು ಈ ಹುಳು ಎಷ್ಟು ಜನಕ್ಕೆ ಅಂಟಿಸಿದೆಯೋ! ಪೋರ್ಟೊರಿಕೊ ದ್ವೀಪದ ಕಾಫಿ ಬೆಟ್ಟಗಳ ಕೂಲಿಕಾರರನ್ನು ಅಲ್ಲಿನ ಉಳ್ಳವರು ಹಾಗೆಯೇ ಕರೆಯುತ್ತಿದ್ದರು. 1899ರ ಆಗಸ್ಟಿನಲ್ಲಿ ಭಾರಿ ಚಂಡಮಾರುತ ಬಡಿದು ಈ ಜನ ಪರಿಹಾರ ಶಿಬಿರಕ್ಕೆ ಇಳಿದು ಬಂದಾಗ ಬೇಲಿ ಆಶ್‌ಫರ್ಡ್ ಎಂಬ ಅಮೆರಿಕದ ಸೇನಾ ವೈದ್ಯನು ಅವರ ಹಳದಿಗಟ್ಟಿದ ಮುಖ ನೋಡಿ ಹಸಿವೆಂದು ಭಾವಿಸಿ ಊಟ ಹಾಕಿಸಿದನು. ಊಟದಿಂದ ಗುಣ ಕಾಣಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಮಲ ಪರೀಕ್ಷಿಸಿದಾಗ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಹುಳುವಿನ ಔಷಧ ಕೊಟ್ಟಮೇಲೆ ಜನ ಎದ್ದು ಓಡಾಡಿದರು. 1904ರಿಂದ ಅಲ್ಲಿ ಇದಕ್ಕಾಗಿಯೇ ಸರಕಾರದ ಆಯೋಗ ಏರ್ಪಟ್ಟು ಲಕ್ಷಗಟ್ಟಲೆ ಮಂದಿಗೆ ಔಷಧ ನೀಡಿತು. ನಮ್ಮಂತೆಯೇ ನೆರಳು ಕಾಫಿಯ ಊರು ಅದು, ನೆನಪಿರಲಿ.

ಇನ್ನು ಮಾತ್ರೆಯ ವಿಚಾರ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೆಂಬುದು 2015ರಲ್ಲಿ ಆರಂಭವಾಯಿತು. ಫೆಬ್ರವರಿ 10, ಮತ್ತೆ ಆಗಸ್ಟ್ ತಿಂಗಳು. ದಿನಾಂಕ ಹಿಂದೆಮುಂದಾಗುವುದುಂಟು, ಚೀಟಿಯಲ್ಲಿರುವುದೇ ಖಾಯಂ. ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಉಚಿತವಾಗಿ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ, ಎರಡು ವರ್ಷದೊಳಗಿನ ಕೂಸಿಗೆ ಅರ್ಧ. ನುಂಗುವುದಲ್ಲ, ಶಿಕ್ಷಕರ ಮುಂದೆ ಚೆನ್ನಾಗಿ ಅಗಿದು ತಿನ್ನತಕ್ಕದ್ದು. ಹೊಟ್ಟೆಯಲ್ಲಿ ಹುಳು ಹೆಚ್ಚಿದ್ದ ಮಗುವಿಗೆ ಅಂದು ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು. ಸಾಮಾನ್ಯವಾಗಿ ತಾನಾಗಿಯೇ ಶಮನವಾಗುತ್ತದೆ. "ಮಾತ್ರೆ ಕೊಟ್ಟು ಮಗುವನ್ನು ಕೆಡಿಸಿದರು" ಎಂಬ ಸುದ್ದಿ ಹರಡುವುದು ಹೆಚ್ಚಾಗಿ ಇದರಿಂದಲೇ. ಅಂದು ಜ್ವರವಿದ್ದರೆ, ಬೇರೆ ಔಷಧ ನಡೆಯುತ್ತಿದ್ದರೆ ಮೊದಲೇ ಶಿಕ್ಷಕರಿಗೆ ತಿಳಿಸಿ. ಗುಣವಾದ ಮೇಲೆ ಕೊಡುತ್ತಾರೆ.

ಆರು ತಿಂಗಳಿಗೊಮ್ಮೆ ಏಕೆ ಎಂದು ಕೇಳುವವರಿದ್ದಾರೆ. ಮಾತ್ರೆ ಒಳಗಿರುವ ಹುಳುವನ್ನು ಕೊಲ್ಲುತ್ತದೆಯೇ ಹೊರತು ನಾಳೆ ಒಳಬರುವುದನ್ನು ತಡೆಯದು. ಜೂನಿನಲ್ಲಿ ಹೊಡೆದ ಬೋರ್ಡೋ ದ್ರಾವಣವನ್ನು ನೆಚ್ಚಿ ಇಡೀ ಮಳೆಗಾಲ ಕೊಳೆರೋಗದ ಯೋಚನೆಯಿಲ್ಲದೆ ಯಾರಾದರೂ ಮಲಗುವರೆ?

ಇದರ ಜೊತೆಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆಯೂ ಶಾಲೆಯಲ್ಲಿ ಉಂಟು. ಐದನೆಯ ತರಗತಿಯವರೆಗೆ ಗುಲಾಬಿ ಬಣ್ಣದ್ದು, ಆರನೆಯದರಿಂದ ನೀಲಿ. ನೀಲಿಯದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಬಿಸಿಯೂಟವಾದ ಮೇಲೆ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಬೇಡ. ಮಲ ಕಪ್ಪಾದರೆ ಗಾಬರಿಯಾಗಬೇಕಿಲ್ಲ, ಅದು ಕಬ್ಬಿಣದ ಬಣ್ಣ.

ಇಲ್ಲಿ ಕಾಫಿ ಬೆಳೆಗಾರರಾದ ನಾವೇ ಹೇಳಬೇಕಾದ ಮಾತೊಂದಿದೆ. ಕಾಫಿ, ಚಹಾ ಎರಡೂ ಆಹಾರದಲ್ಲಿನ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಊಟದೊಡನೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣ ಹೀರಿಕೆ ಶೇಕಡ 39ರಷ್ಟು ತಗ್ಗಿತು. ಚಹಾದಿಂದ ಶೇಕಡ 64. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದರೂ ಅಷ್ಟೇ ನಷ್ಟ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಿದ್ದರೆ ತೊಂದರೆಯಿಲ್ಲ. ಮಧ್ಯಾಹ್ನ ಶಾಲೆಯಲ್ಲಿ ಮಾತ್ರೆ ತಿಂದ ಮಗು ಸಂಜೆ ಮನೆಗೆ ಬಂದು ಕಾಫಿ ಕುಡಿದರೆ ಅಷ್ಟು ಬಾಧಕವಿಲ್ಲ. ಪೆಟ್ಟು ಬೀಳುವುದು ಬೆಳಗಿನ ದೋಸೆಯ ಜೊತೆಯ ಲೋಟಕ್ಕೆ. ಮಕ್ಕಳಿಗೆ ಆ ಹೊತ್ತಿನಲ್ಲಿ ಅದನ್ನು ತಪ್ಪಿಸಿ, ಊಟಕ್ಕೆ ಒಂದು ಹೋಳು ನಿಂಬೆಯನ್ನೋ, ಹಿತ್ತಲಿನ ನೆಲ್ಲಿಕಾಯನ್ನೋ ಪೇರಲೆಯನ್ನೋ ಕೊಟ್ಟರೆ ಸೊಪ್ಪು, ರಾಗಿ, ಕಾಳುಗಳ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಇದರಿಂದ ಕಾಫಿಯ ಧಾರಣೆ ಬೀಳಲಾರದು.

ಮಣ್ಣಿನ ಕಡೆಯ ಕೆಲಸ ಮಾತ್ರೆಯಿಂದಾಗದು. ಸಗಣಿಗೊಬ್ಬರದಿಂದ ಈ ಕಾಯಿಲೆ ಬರುವುದೆಂಬ ಭಯ ಬೇಡ. ಮೊಟ್ಟೆ ಬರುವುದು ಮುಖ್ಯವಾಗಿ ಮನುಷ್ಯರ ಮಲದಿಂದ. ಆದ್ದರಿಂದ ಬಯಲಿಗೆ ಹೋಗುವುದು ನಿಂತ ತೋಟದಲ್ಲಿ ಹುಳುವಿನ ಸಂತತಿಯೂ ಕ್ರಮೇಣ ನಿಲ್ಲುತ್ತದೆ. ಮನೆಗೆ ಪಾಯಿಖಾನೆ ಇದ್ದರೆ ಸಾಲದು. ತೋಟದ ಕೆಳತುದಿಯಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ಎಲ್ಲಿಗೆ ಹೋಗಲು ಅನುಕೂಲವಿದೆ? ಲೈನುಮನೆಗೆ ಎಷ್ಟು ಪಾಯಿಖಾನೆ, ಅದರಲ್ಲಿ ನೀರು ಇದೆಯೆ? ಇದನ್ನು ಮಾಲೀಕರಾದ ನಾವು ನೋಡಬೇಕು. ಮಕ್ಕಳಿಗೆ ತೋಟಕ್ಕೆ ಹೋಗುವಾಗ ಚಪ್ಪಲಿಗಿಂತ ಮುಚ್ಚಿದ ಬೂಟು ಒಳ್ಳೆಯದು, ಇಲ್ಲವೆಂದರೆ ಚಪ್ಪಲಿಯಾದರೂ ಇರಲಿ.

ಫೆಬ್ರವರಿಯ ಸುತ್ತು ರೊಬಸ್ಟಾ ಕುಯ್ಲಿನ ನಡುವೆ ಬರುತ್ತದೆ. ಕುಯ್ಲಿಗೆಂದು ಅಸ್ಸಾಂ, ಜಾರ್ಖಂಡ್ ಮುಂತಾದ ಕಡೆಗಳಿಂದ ಬಂದವರ ಮಕ್ಕಳು ಯಾವ ಶಾಲೆಯ ಪಟ್ಟಿಯಲ್ಲೂ ಇರುವುದಿಲ್ಲ, ಚೀಟಿ ಕೈಗೆ ಬಂದರೂ ತಾಯಿತಂದೆಯರಿಗೆ ಕನ್ನಡ ಓದಲು ಬಾರದು. ಆದರೆ ನಮ್ಮ ಮಕ್ಕಳೂ ಅವರ ಮಕ್ಕಳೂ ಆಡುವುದು ಅದೇ ಕಣದಲ್ಲಿ, ಅದೇ ಮರದಡಿಯಲ್ಲಿ. ಶಾಲೆಗೆ ಹೋಗದ ಮಕ್ಕಳಿಗೆ ಅಂಗನವಾಡಿಯಲ್ಲಿ ಮಾತ್ರೆ ಕೊಡುವ ವ್ಯವಸ್ಥೆಯಿದೆ. ಹಿಂದಿನ ದಿನ ಸಂಜೆ ಬಟವಾಡೆಯ ಹೊತ್ತಿನಲ್ಲಿ ಬಾಯಿಮಾತಿನಲ್ಲಿ ತಿಳಿಸಿ, ಬೆಳಿಗ್ಗೆ ಒಂದು ಗಂಟೆ ತಾಯಂದಿರಿಗೆ ಬಿಡುವು ಕೊಟ್ಟರೆ ಆಯಿತು. ಆಶಾ ಕಾರ್ಯಕರ್ತೆಯರಿಗೆ ಲೈನುಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಮೊದಲೇ ಹೇಳಿಕಳುಹಿಸಿದರೆ ಅವರಿಗೂ ಅನುಕೂಲ.

ಅಂದು ಮದುವೆಗೋ ಜಾತ್ರೆಗೋ ಹೋಗಿ ಮಾತ್ರೆ ತಪ್ಪಿಸಿಕೊಂಡ ಮಕ್ಕಳಿಗೆ ಸುಮಾರು ಒಂದು ವಾರದ ಮೇಲೆ ಮತ್ತೊಂದು ದಿನ ಇರುತ್ತದೆ. ಅದರ ದಿನಾಂಕವೂ ಅದೇ ಚೀಟಿಯ ಕೆಳಭಾಗದಲ್ಲಿ ಇರುತ್ತದೆ, ಇಲ್ಲದಿದ್ದರೆ ಮುಖ್ಯೋಪಾಧ್ಯಾಯರನ್ನು ಕೇಳಿ ತಿಳಿದುಕೊಳ್ಳಬಹುದು.