ಫಿಟ್ಸ್ ಎಂದುಕೊಂಡದ್ದು ಹೃದಯದ ತೊಂದರೆ ಇರಬಹುದು!

ಶಾಲೆಯ ಓಟದ ಸ್ಪರ್ಧೆಯಲ್ಲಿ ಹುಡುಗಿ ಕುಸಿದು ಬೀಳುತ್ತಾಳೆ. ಕೈಕಾಲು ಅದುರುತ್ತವೆ. ಯಾರೋ ಓಡಿಬಂದು ಅಂಗೈಗೆ ಬೀಗದ ಕೈ ತುರುಕುತ್ತಾರೆ. ಸ್ವಲ್ಪ ಹೊತ್ತಿಗೆ ಎದ್ದು ಕೂರುವ ಅವಳಿಗೆ ಫಿಟ್ಸ್ ಮಾತ್ರೆ ಶುರುವಾಗುತ್ತದೆ. ಇಸಿಜಿ ಯಾರಿಗೂ ನೆನಪಾಗುವುದಿಲ್ಲ. ಲಾಂಗ್ ಕ್ಯೂಟಿ ಸಿಂಡ್ರೋಮ್ ಇರುವ ಅನೇಕರ ಕಥೆ ಹೀಗೆಯೇ ಆರಂಭವಾಗುತ್ತದೆ.

ಸುಮಾರು 2000 ಮಂದಿಯಲ್ಲಿ ಒಬ್ಬರಿಗೆ ಬರುವ ವಂಶವಾಹಿ ಕಾಯಿಲೆಯಿದು. ಹೃದಯದ ರಚನೆ ಸರಿಯಾಗಿಯೇ ಇರುತ್ತದೆ, ಎಕೋದಲ್ಲಿ ಏನೂ ಕಾಣದು. ಪ್ರತಿ ಬಡಿತದ ನಂತರ ಹೃದಯದ ವಿದ್ಯುತ್ ವ್ಯವಸ್ಥೆ ಮತ್ತೆ ಸಜ್ಜಾಗುವುದು ತಡವಾಗುತ್ತದೆ, ಅಷ್ಟೆ. ಆ ಅಂತರದಲ್ಲಿ ಲಯ ತಪ್ಪಿದರೆ ಮಿದುಳಿಗೆ ರಕ್ತ ನಿಲ್ಲುತ್ತದೆ. ಕೆಲವೊಮ್ಮೆ ಜೀವವೇ ಹೋಗುತ್ತದೆ.

ಕುಟುಂಬಗಳಿಗೆ ತಿಳಿವಳಿಕೆ ಕೊಡಲು ವಿಡಿಯೊ ಏಕೆ?

ಅಪಾಯ ಇರುವುದು ದಿನನಿತ್ಯದ ಬದುಕಿನಲ್ಲಿ. ಒಂದು ಬಗೆಯವರಿಗೆ ಈಜು, ಓಟ. ಇನ್ನೊಂದು ಬಗೆಯವರಿಗೆ ನಸುಕಿನ ಅಲಾರಾಂ. ಮೂರನೆಯವರಿಗೆ ನಿದ್ದೆಯೇ ಅಪಾಯದ ಹೊತ್ತು. ಅಜಿತ್ರೋಮೈಸಿನ್, ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್‌ನಂಥ ಸಾಮಾನ್ಯ ಔಷಧಗಳನ್ನೂ ವೈದ್ಯರನ್ನು ಕೇಳದೆ ನುಂಗುವಂತಿಲ್ಲ. ಇಷ್ಟೆಲ್ಲವನ್ನೂ ಆಸ್ಪತ್ರೆಯ ಹತ್ತು ನಿಮಿಷದಲ್ಲಿ, ಗಾಬರಿಯಲ್ಲಿರುವ ತಾಯಿ ನೆನಪಿಟ್ಟುಕೊಳ್ಳಲಾರಳು. ವಿಡಿಯೊ ಆದರೆ ಮತ್ತೆ ಮತ್ತೆ ನೋಡಬಹುದು. ಅಜ್ಜಿಗೂ ಪಿಟಿ ಮೇಷ್ಟ್ರಿಗೂ ಕಳಿಸಬಹುದು.

ಅಮೆರಿಕದ ಸ್ಯಾಡ್ಸ್ ಫೌಂಡೇಶನ್ 1991ರಿಂದ ಇಂಥ ಕುಟುಂಬಗಳಿಗೆ ತಿಳಿವಳಿಕೆ ಕೊಡುತ್ತಿದೆ. ನಮಗೆ ಬೇಕಿರುವುದು ಕನ್ನಡದ ವಿಡಿಯೊ. ಅದರಲ್ಲಿ ಇಸಿಜಿ ಕಾಗದವನ್ನೇ ಹತ್ತಿರದಿಂದ ತೋರಿಸಬೇಕು: ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. ನಾಡಿ 60ರ ಆಸುಪಾಸಿನಲ್ಲಿರುವಾಗ ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಕೊನೆಗೆ 12 ಚೌಕ, ಅಂದರೆ 480 ಮಿಲಿಸೆಕೆಂಡ್ ಆದರೆ ಅನುಮಾನ ಪಡಬೇಕು.

ಇನ್ನೊಂದು ಮಾತು ನಮ್ಮವರಿಗೆ ಮುಖ್ಯ. 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ ನೀಲ್ಸನ್ ಎಂಬ ವೈದ್ಯರು ಒಂದೇ ಮನೆಯ ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರಾಗಿದ್ದುದನ್ನೂ ಅವರಲ್ಲಿ ಮೂವರು ಹಠಾತ್ತಾಗಿ ತೀರಿಕೊಂಡದ್ದನ್ನೂ ದಾಖಲಿಸಿದರು. ಲಾಂಗ್ ಕ್ಯೂಟಿಯ ಈ ಬಗೆ ತಂದೆ-ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಕಾಣಿಸಿಕೊಳ್ಳುತ್ತದೆ. ಸೋದರಮಾವ, ಅತ್ತೆ ಮಗ ಎಂದು ಒಳಗಿನ ಸಂಬಂಧ ಬೆಳೆಸುವ ಮನೆಗಳು ಇದನ್ನು ತಿಳಿದಿರಬೇಕು. ಹುಟ್ಟಿನಿಂದ ಕಿವಿ ಕೇಳದ ಮಗು ಪ್ರಜ್ಞೆ ತಪ್ಪಿದರೆ ಇಸಿಜಿ ಮಾಡಿಸಲೇಬೇಕು.

ಮೊಬೈಲ್ ಕ್ಯಾಮೆರಾ ಇನ್ನೊಂದು ಕೆಲಸಕ್ಕೂ ಬರುತ್ತದೆ. ಯಾರಾದರೂ ಕುಸಿದು ಬಿದ್ದಾಗ ಒಬ್ಬರು 108ಕ್ಕೆ ಕರೆ ಮಾಡಿ, ಉಸಿರಿಲ್ಲದಿದ್ದರೆ ಎದೆ ಒತ್ತುತ್ತಿರುವಾಗ, ಜೊತೆಯಲ್ಲಿ ಮತ್ತೊಬ್ಬರಿದ್ದರೆ ಚಿತ್ರೀಕರಿಸಲಿ. ಫಿಟ್ಸೋ ಹೃದಯವೋ ಎಂದು ಬೇರ್ಪಡಿಸಲು ವೈದ್ಯರಿಗೆ ಆ ತುಣುಕು ನೆರವಾಗುತ್ತದೆ.

ಕಾಯಿಲೆ ಗೊತ್ತಾದರೆ ಪ್ರೊಪ್ರನೊಲಾಲ್‌ನಂಥ ಹಳೆಯ, ಅಗ್ಗದ ಮಾತ್ರೆಯೇ ಬಹಳ ಮಂದಿಯನ್ನು ಕಾಪಾಡುತ್ತದೆ; ಕೆಲವರಿಗೆ ಮಾತ್ರ ತಪ್ಪಿದ ಲಯವನ್ನು ಸರಿಪಡಿಸುವ ಐಸಿಡಿ ಸಾಧನ ಬೇಕಾಗುತ್ತದೆ. ವಿಡಿಯೊ ನೋಡಿ ಮಾತ್ರೆ ಶುರು ಮಾಡಬೇಡಿ, ನಿಲ್ಲಿಸಲೂಬೇಡಿ. ಓಡುವಾಗ, ಈಜುವಾಗ, ಬೆಚ್ಚಿದಾಗ ಮನೆಯಲ್ಲಿ ಯಾರಾದರೂ ಪ್ರಜ್ಞೆ ತಪ್ಪಿದ್ದರೆ, ಎಳೆ ವಯಸ್ಸಿನ ಹಠಾತ್ ಸಾವು ಸಂಭವಿಸಿದ್ದರೆ, ಇಸಿಜಿ ಮಾಡಿಸಿ ಹೃದ್ರೋಗ ತಜ್ಞರಿಗೆ ತೋರಿಸಿ. ಒಬ್ಬರಿಗೆ ಖಚಿತವಾದರೆ ಒಡಹುಟ್ಟಿದವರನ್ನೂ ಹೆತ್ತವರನ್ನೂ ತಪಾಸಣೆಗೆ ಕರೆದೊಯ್ಯಿರಿ.