ವೈದ್ಯರ ಬಹುಮೂಲ ಹಿಮ್ಮಾಹಿತಿ

ವೈದ್ಯರೊಬ್ಬರ ಕಾರ್ಯನಿರ್ವಹಣೆಯ ಬಗ್ಗೆ ಅವರ ರೋಗಿಗಳಿಂದಲೂ ಸಹೋದ್ಯೋಗಿಗಳಿಂದಲೂ ಪ್ರಶ್ನಾವಳಿಯ ಮೂಲಕ ಅಭಿಪ್ರಾಯ ಸಂಗ್ರಹಿಸುವ ಕ್ರಮವನ್ನು ಬಹುಮೂಲ ಹಿಮ್ಮಾಹಿತಿ ಎಂದು ಕರೆಯುತ್ತಾರೆ. ಇದಕ್ಕೆ '360 ಡಿಗ್ರಿ ಹಿಮ್ಮಾಹಿತಿ' ಎಂಬ ಹೆಸರೂ ಇದೆ. ಬ್ರಿಟನ್ನಿನಲ್ಲಿ ಇದು ವೈದ್ಯರ ಪರವಾನಗಿಯನ್ನು ಮುಂದುವರಿಸುವ 'ರಿವ್ಯಾಲಿಡೇಷನ್' ಎಂಬ ಮರುಮಾನ್ಯತಾ ವ್ಯವಸ್ಥೆಯ ಅಂಗವಾಗಿದೆ.

ಹಿನ್ನೆಲೆ

ಬ್ರಿಟನ್ನಿನಲ್ಲಿ ವೈದ್ಯರ ನೋಂದಣಿಯ ಹೊಣೆ ಹೊತ್ತಿರುವ ಜನರಲ್ ಮೆಡಿಕಲ್ ಕೌನ್ಸಿಲ್ 1858ರ ವೈದ್ಯಕೀಯ ಕಾಯಿದೆಯ ಮೂಲಕ ಸ್ಥಾಪಿತವಾಯಿತು. ಒಮ್ಮೆ ನೋಂದಣಿಯಾದ ವೈದ್ಯರನ್ನು ನಿಯತಕಾಲಕ್ಕೆ ಪರಿಶೀಲಿಸುವ ಪದ್ಧತಿ ಬಹುಕಾಲ ಇರಲಿಲ್ಲ. 2000ದ ಜನವರಿಯಲ್ಲಿ ಹೈಡ್ ಪಟ್ಟಣದ ವೈದ್ಯ ಹೆರಾಲ್ಡ್ ಶಿಪ್‌ಮನ್ 15 ರೋಗಿಗಳ ಕೊಲೆಗಾಗಿ ಶಿಕ್ಷೆಗೊಳಗಾದನು. ಬ್ರಿಸ್ಟಲ್ ನಗರದಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಉಂಟಾಗಿದ್ದ ಲೋಪಗಳ ವಿಚಾರಣಾ ವರದಿ 2001ರಲ್ಲಿ ಪ್ರಕಟವಾಯಿತು. ಈ ಪ್ರಕರಣಗಳ ತರುವಾಯ ನಿಯತ ಪರಿಶೀಲನೆಯ ಬೇಡಿಕೆ ಬಲಗೊಂಡಿತು. ಮರುಮಾನ್ಯತಾ ವ್ಯವಸ್ಥೆಯು 2012ರ ಡಿಸೆಂಬರ್ 3ರಂದು ಜಾರಿಗೆ ಬಂದಿತು.

ವಿಧಾನ

ಮರುಮಾನ್ಯತೆಯ ಅವಧಿ ಸಾಮಾನ್ಯವಾಗಿ ಐದು ವರ್ಷ. ಅಷ್ಟರೊಳಗೆ ಒಮ್ಮೆಯಾದರೂ ಎರಡೂ ಬಗೆಯ ಹಿಮ್ಮಾಹಿತಿಯನ್ನು ಪಡೆಯಬೇಕು. ವೈದ್ಯರು ತಮ್ಮ ಮಾತನ್ನು ಗಮನವಿಟ್ಟು ಕೇಳಿದರೇ, ಕಾಯಿಲೆಯನ್ನು ವಿವರಿಸಿದರೇ, ಚಿಕಿತ್ಸೆಯ ನಿರ್ಧಾರದಲ್ಲಿ ತಮ್ಮನ್ನು ಸೇರಿಸಿಕೊಂಡರೇ ಎಂಬುದನ್ನು ರೋಗಿಗಳು ತಿಳಿಸುತ್ತಾರೆ. ರೋಗನಿರ್ಣಯ, ದಾಖಲೆಗಳ ನಿರ್ವಹಣೆ, ತಂಡದೊಡನೆ ಸಹಕಾರ ಮೊದಲಾದ ವಿಷಯಗಳನ್ನು ಸಹ ವೈದ್ಯರು, ದಾದಿಯರು ಮತ್ತು ಇತರ ಸಿಬ್ಬಂದಿ ಅಳೆಯುತ್ತಾರೆ. ಉತ್ತರಿಸಿದವರ ಹೆಸರು ವೈದ್ಯರಿಗೆ ತಿಳಿಯದಂತೆ ಉತ್ತರಗಳನ್ನು ಒಟ್ಟುಗೂಡಿಸಲಾಗುತ್ತದೆ. ಕೌನ್ಸಿಲ್ ರೂಪಿಸಿದ ಪ್ರಶ್ನಾವಳಿಯಿಂದ ನಂಬಲರ್ಹ ಸರಾಸರಿ ದೊರೆಯಲು ಸುಮಾರು 34 ರೋಗಿಗಳ ಮತ್ತು 15 ಸಹೋದ್ಯೋಗಿಗಳ ಉತ್ತರಗಳು ಬೇಕೆಂದು ಅಧ್ಯಯನಗಳು ಸೂಚಿಸಿವೆ. ಫಲಿತಾಂಶವನ್ನು ವಾರ್ಷಿಕ ವೃತ್ತಿ ಪರಿಶೀಲನೆಯಲ್ಲಿ ಚರ್ಚಿಸಲಾಗುತ್ತದೆ. ಬಳಿಕ ಹೊಣೆಗಾರ ಅಧಿಕಾರಿಯು ಕೌನ್ಸಿಲ್‌ಗೆ ಶಿಫಾರಸು ಮಾಡುತ್ತಾರೆ.

ಮಿತಿಗಳು

ಅಭಿಪ್ರಾಯ ನೀಡುವ ಸಹೋದ್ಯೋಗಿಗಳನ್ನು ಹೆಚ್ಚಾಗಿ ವೈದ್ಯರೇ ಸೂಚಿಸುವುದರಿಂದ ಅಂಕಗಳು ಉದಾರವಾಗುವ ಸಂಭವವಿದೆ. ತಮಗೆ ಪರಿಚಿತರಾದ ವೈದ್ಯರಿಗೆ ರೋಗಿಗಳು ಹೆಚ್ಚು ಅನುಕೂಲಕರ ಅಭಿಪ್ರಾಯ ನೀಡುವುದೂ ಕಂಡುಬಂದಿದೆ. ಶಿಪ್‌ಮನ್ ತನ್ನ ಊರಿನಲ್ಲಿ ಜನಪ್ರಿಯ ವೈದ್ಯನಾಗಿದ್ದನೆಂಬುದನ್ನು ಇಲ್ಲಿ ಗಮನಿಸಬೇಕು. ರೋಗಿಯು ಸೌಜನ್ಯವನ್ನು ನೇರವಾಗಿ ಅನುಭವಿಸುತ್ತಾನೆ. ಔಷಧದ ಆಯ್ಕೆ ಸರಿಯೇ ಎಂಬುದನ್ನು ಅಳೆಯುವ ಸಾಧನ ಅವನಲ್ಲಿ ಇರುವುದಿಲ್ಲ. ಆದುದರಿಂದ ದೂರುಗಳು, ಗಂಭೀರ ಘಟನೆಗಳ ವಿವರ, ಗುಣಮಟ್ಟ ಸುಧಾರಣೆಯ ಕೆಲಸ ಮತ್ತು ಮುಂದುವರಿದ ಕಲಿಕೆಯ ದಾಖಲೆಗಳೊಂದಿಗೆ ಸೇರಿಸಿಯೇ ಹಿಮ್ಮಾಹಿತಿಯನ್ನು ನೋಡಲಾಗುತ್ತದೆ. ಇದು ತೇರ್ಗಡೆ ಅಥವಾ ಅನುತ್ತೀರ್ಣ ಎಂದು ಸಾರುವ ಪರೀಕ್ಷೆಯಲ್ಲ. ಬಂದ ಅಭಿಪ್ರಾಯವನ್ನು ಕುರಿತು ವೈದ್ಯರು ಚಿಂತಿಸಿ ತಮ್ಮ ನಡೆಯಲ್ಲಿ ಏನನ್ನು ಬದಲಿಸಿಕೊಂಡರು ಎಂಬುದೇ ಇಲ್ಲಿ ಮುಖ್ಯ.

ಭಾರತದಲ್ಲಿ ವೈದ್ಯಕೀಯ ಪದವಿ ಪಡೆದು ಬ್ರಿಟನ್ನಿನ ಪರವಾನಗಿಯೊಂದಿಗೆ ಅಲ್ಲಿ ವೃತ್ತಿ ನಡೆಸುವ ಕನ್ನಡಿಗ ವೈದ್ಯರಿಗೂ ಇದೇ ನಿಯಮ ಅನ್ವಯಿಸುತ್ತದೆ.